ಶಾಲೆಗೆ ಮುಂಚಿನ ಮೂರು ವರ್ಷ: ಅಂಗನವಾಡಿಯನ್ನೂ ಸರ್ಕಾರಿ ಎಲ್‌ಕೆಜಿಯನ್ನೂ ಹೋಲಿಸುವ ಬಗೆ



"ಮಗೀಗೆ ಮೂರು ತುಂಬ್ತು, ಎಲ್ಲಿಗೆ ಸೇರ್ಸೋದು?" ಎಂಬ ಮಾತು ಈಗ ಪ್ರತಿ ಬೇಸಿಗೆಯಲ್ಲೂ ಹಳ್ಳಿಯ ಮನೆಗಳಲ್ಲಿ ಏಳುತ್ತದೆ. ಹಿಂದಿನ ಬೀದಿಯಲ್ಲೇ ಅಂಗನವಾಡಿ ಇದೆ. ಹೋಬಳಿ ಊರಿನ ಕರ್ನಾಟಕ ಪಬ್ಲಿಕ್ ಶಾಲೆಯಲ್ಲಿ ಎಲ್‌ಕೆಜಿ ಇದೆ. ಮನೆ ಬಾಗಿಲಿಗೆ ವ್ಯಾನು ಕಳಿಸುವ ಕಾನ್ವೆಂಟೂ ಇದೆ. ಕಾನ್ವೆಂಟಿನ ವಿಚಾರವನ್ನು ಇವತ್ತು ಬದಿಗಿಡುತ್ತೇನೆ. ನಮ್ಮ ತೆರಿಗೆಯ ಹಣದಲ್ಲೇ, ಒಂದೇ ವಯಸ್ಸಿನ ಮಕ್ಕಳಿಗಾಗಿ, ಎರಡು ಇಲಾಖೆಗಳು ಎರಡು ಬಗೆಯ ಶಾಲೆ ನಡೆಸುತ್ತಿವೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು ಅಂಗನವಾಡಿ. ಶಾಲಾ ಶಿಕ್ಷಣ ಇಲಾಖೆಯದು ಎಲ್‌ಕೆಜಿ, ಯುಕೆಜಿ. ಇವೆರಡನ್ನೂ ಹೋಲಿಸುವವರು ಬಹಳ ಜನ. ಆದರೆ ಆ ಹೋಲಿಕೆ ಹೆಚ್ಚಾಗಿ ಬಣ್ಣ ಬಳಿದ ಗೋಡೆ, ಸಮವಸ್ತ್ರ, ಇಂಗ್ಲಿಷ್ ಪದ್ಯ ಇಷ್ಟರಲ್ಲೇ ಮುಗಿದುಹೋಗುತ್ತದೆ. ಹೋಲಿಸಬೇಕಾದದ್ದು ಏನನ್ನು ಎಂಬುದೇ ನನ್ನ ಇವತ್ತಿನ ವಿಷಯ.

ರಾಜ್ಯದ ಸರಾಸರಿಗಳನ್ನು ಇಟ್ಟುಕೊಂಡು ಈ ಮಾತು ಆಡಲು ನನಗೆ ಇಷ್ಟವಿಲ್ಲ. ಮೂರು ವರ್ಷದ ಮಗುವಿನ ಲೋಕ ಒಂದು ಬೀದಿಯಷ್ಟು, ಹೆಚ್ಚೆಂದರೆ ಒಂದು ಊರಿನಷ್ಟು. ಆದ್ದರಿಂದ ಮೈಸೂರು ಜಿಲ್ಲೆಯ ಎರಡು ತಾಲ್ಲೂಕುಗಳನ್ನು ಕಣ್ಣೆದುರಿಗೆ ಇಟ್ಟುಕೊಳ್ಳುತ್ತೇನೆ. ಒಂದು ತಿರುಮಕೂಡಲು ನರಸೀಪುರ: ಕಾವೇರಿ ಕಪಿಲೆಯರು ಕೂಡುವ ಜಾಗ, ನಾಲೆಯ ನೀರು, ಭತ್ತದ ಗದ್ದೆ, ಒತ್ತೊತ್ತಾಗಿ ಕಟ್ಟಿದ ದೊಡ್ಡ ಊರುಗಳು. ಇನ್ನೊಂದು ಹೆಗ್ಗಡದೇವನಕೋಟೆ: ಕಬಿನಿಯ ಹಿನ್ನೀರು, ನಾಗರಹೊಳೆಯ ಅಂಚು, ಚದುರಿದ ಊರುಗಳು, ಜೇನುಕುರುಬರ ಹಾಡಿಗಳು. ಈ ಎರಡನ್ನೂ ಆರಿಸಿಕೊಳ್ಳಲು ಬೇರೆ ಕಾರಣವೂ ಇದೆ. ಕರ್ನಾಟಕದ ಎಳೆಯ ಮಕ್ಕಳ ಶಿಕ್ಷಣದ ಎರಡು ದೊಡ್ಡ ಕೆಲಸಗಳು ಈ ನೆಲದಲ್ಲೇ ಶುರುವಾದವು.

1975ರ ಅಕ್ಟೋಬರ್ 2, ಗಾಂಧಿ ಜಯಂತಿಯ ದಿನ, ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ತಿ. ನರಸೀಪುರ. ನೂರು ಅಂಗನವಾಡಿಗಳೊಂದಿಗೆ ಅಲ್ಲಿ ಹುಟ್ಟಿದ ವ್ಯವಸ್ಥೆ ಇವತ್ತು ರಾಜ್ಯದ ತುಂಬ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಾಗಿ ಹರಡಿದೆ. ಇಪ್ಪತ್ತು ವರ್ಷಗಳ ನಂತರ, 1995ರಲ್ಲಿ, ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲೆಗಳಲ್ಲಿ ನಲಿ-ಕಲಿ ಮೊಳೆಯಿತು. ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿ ಶಾಲೆಗಳನ್ನು ಕಂಡು ಬಂದು, ಕಾರ್ಡುಗಳನ್ನು ತಾವೇ ಕೂತು ಬರೆದು ಕಟ್ಟಿದ ಪದ್ಧತಿ ಅದು. 2009-10ರ ಹೊತ್ತಿಗೆ ಅದು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗಳನ್ನು ತಲುಪಿತು. ಹಳ್ಳಿಯ ಮೇಷ್ಟ್ರು, ಹಳ್ಳಿಯ ಕಾರ್ಯಕರ್ತೆ ಏನು ಮಾಡಬಲ್ಲರು ಎಂದು ಕೇಳುವವರಿಗೆ ಈ ಎರಡು ತಾಲ್ಲೂಕುಗಳ ಚರಿತ್ರೆಯೇ ಉತ್ತರ ಕೊಡುತ್ತದೆ.

ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಬೇಕು. ಎಳೆಯ ಮಕ್ಕಳ ಶಿಕ್ಷಣಕ್ಕೆ ಹೊಸ ಪದ್ಧತಿ ಕಟ್ಟಿದ ಮರಿಯಾ ಮಾಂಟೆಸ್ಸರಿಯವರು 1939ರಲ್ಲಿ ಮದರಾಸಿನ ಅಡಯಾರಿಗೆ ಬಂದರು. ಅದಕ್ಕೂ ಮುಂಚೆ, 1920ರಲ್ಲೇ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ತೆರೆದಿದ್ದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರ ನಂತರ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಆಮೇಲೆ ಕೋಸಬಾಡಿನಲ್ಲಿ ವಾರ್ಲಿ ಆದಿವಾಸಿಗಳ ನಡುವೆ ನೆಲೆಸಿದರು. ಕಟ್ಟಡ ಕಟ್ಟಿ ಕರೆದರೆ ಮಕ್ಕಳು ಬರಲಿಲ್ಲ. ತಾರಾಬಾಯಿ ಮತ್ತು ಅನುತಾಯಿ ವಾಘ್ ತಾವೇ ಹಾಡಿಗಳಿಗೆ ಹೋಗಿ, ಮನೆಗಳ ಮುಂದೆ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ಮಾಂಟೆಸ್ಸರಿ ಪದ್ಧತಿಯ ದುಬಾರಿ ಮರದ ಸಾಮಾನುಗಳ ಜಾಗದಲ್ಲಿ ಕಾಯಿ, ಬೀಜ, ಎಲೆ, ಕಲ್ಲು ಬಂದವು. ಬಡ ಮಗುವಿನ ಶಾಲೆ ಆ ಮಗುವಿನ ಹತ್ತಿರ ಇರಬೇಕು ಎಂಬ ನಿಲುವನ್ನು ಅವರು ಸಿದ್ಧಾಂತ ಮಾಡಿ ಹೇಳಲಿಲ್ಲ, ನಡೆಸಿ ತೋರಿಸಿದರು.

1975ರ ಯೋಜನೆ ಈ ಹತ್ತಿರದ ನಿಯಮವನ್ನು ಉಳಿಸಿಕೊಂಡಿತು. ಹಳ್ಳಿಗಳಲ್ಲಿ ಸುಮಾರು ಸಾವಿರ ಜನಸಂಖ್ಯೆಗೆ ಒಂದು ಅಂಗನವಾಡಿ, ಆದಿವಾಸಿ ಪ್ರದೇಶಗಳಲ್ಲಿ ಸುಮಾರು 700ಕ್ಕೆ ಒಂದು. 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆರು ವರ್ಷದೊಳಗಿನ 40 ಮಕ್ಕಳಿರುವ ವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು ಎಂದು ಆದೇಶಿಸಿತು. ಆದರೆ ಯೋಜನೆ ಒಬ್ಬ ಕಾರ್ಯಕರ್ತೆಯ ತಲೆಯ ಮೇಲೆ ಆರು ಸೇವೆಗಳನ್ನು ಹೊರಿಸಿತು: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಪೌಷ್ಟಿಕತೆಯ ತಿಳಿವಳಿಕೆ, ಇವುಗಳ ಜೊತೆಗೆ ಶಾಲಾಪೂರ್ವ ಶಿಕ್ಷಣ. ಹೊಟ್ಟೆಯ ಕೆಲಸ ಮುಂದೂಡಲು ಬರುವುದಿಲ್ಲ, ಕಡತದ ಕೆಲಸವನ್ನು ಮೇಲಿನವರು ಮುಂದೂಡಲು ಬಿಡುವುದಿಲ್ಲ. ಹೀಗಾಗಿ ದಿನದಲ್ಲಿ ಉಳಿದ ಚೂರುಪಾರು ಹೊತ್ತು ಪಾಠಕ್ಕೆ.

ಅಂಗನವಾಡಿಯ ಒಂದು ದಿನವನ್ನು ಹತ್ತಿರದಿಂದ ನೋಡಿ. ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆರೆಯುತ್ತದೆ. ಸಹಾಯಕಿ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುತ್ತಾಳೆ, ನೀರು ಹಿಡಿಯುತ್ತಾಳೆ, ಒಲೆ ಹಚ್ಚುತ್ತಾಳೆ. ಹಾಲಿನ ಪುಡಿ ಕಲಸಿ ಕ್ಷೀರಭಾಗ್ಯದ ಹಾಲು ಕೊಡಬೇಕು. ನಡುವೆ ಗರ್ಭಿಣಿಯರು ಬರುತ್ತಾರೆ, ಅವರಿಗೆ ಮಾತೃಪೂರ್ಣದ ಊಟ. ಮೂರು ವರ್ಷದೊಳಗಿನ ಮಕ್ಕಳ ತಾಯಂದಿರು ಪುಷ್ಟಿ ಪೊಟ್ಟಣಕ್ಕೆ ಬರುತ್ತಾರೆ. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಹಾಜರಿ, ತೂಕ, ಎತ್ತರ ಎಲ್ಲವನ್ನೂ ತುಂಬಬೇಕು. ನೆಟ್‌ವರ್ಕ್ ಸಿಗದ ಕಡೆ ಕಾರ್ಯಕರ್ತೆ ಫೋನು ಹಿಡಿದು ರಸ್ತೆಗೆ ಬಂದು ನಿಲ್ಲುತ್ತಾಳೆ. ಯಾವುದೋ ಸಮೀಕ್ಷೆಯೋ, ಮತದಾರರ ಪಟ್ಟಿಯೋ, ಯಾವುದೋ ಗ್ಯಾರಂಟಿಯ ಅರ್ಜಿಯೋ ಇದ್ದೇ ಇರುತ್ತದೆ. ಇಷ್ಟರ ನಡುವೆ ಮೂರು, ನಾಲ್ಕು, ಐದು ವರ್ಷದ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಅಂಗನವಾಡಿಗೆಂದೇ ಇರುವ 'ಚಿಲಿಪಿಲಿ' ಪುಸ್ತಕದ ಚಟುವಟಿಕೆಗಳು ಒಳ್ಳೆಯ ಚಟುವಟಿಕೆಗಳು: ಹಾಡು, ಕಥೆ, ಆಟ, ವಾರಕ್ಕೊಂದು ವಿಷಯ. ಆದರೆ ಅವುಗಳನ್ನು ಮಾಡಿಸಲು ಒಬ್ಬ ದೊಡ್ಡವರು ಅಡೆತಡೆಯಿಲ್ಲದೆ ಮಕ್ಕಳ ಜೊತೆ ಕೂರಬೇಕು. ಆ ಅಡೆತಡೆಯಿಲ್ಲದ ಹೊತ್ತೇ ಅಲ್ಲಿ ಸಿಗುವುದಿಲ್ಲ.

ಈಗ ಸರ್ಕಾರಿ ಎಲ್‌ಕೆಜಿಗೆ ಬರೋಣ. 2018-19ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳು ಶುರುವಾದವು. 2019-20ರಿಂದ ಅವುಗಳಲ್ಲಿ ಎಲ್‌ಕೆಜಿ, ಯುಕೆಜಿ ತರಗತಿಗಳು ಬಂದವು. ಅದೇ ವರ್ಷ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳೂ ತೆರೆದವು. ಹಳ್ಳಿಯ ತಂದೆತಾಯಿಗಳು ಮುಗಿಬಿದ್ದು ಸೇರಿಸಿದರು. ಇದನ್ನು ಇಂಗ್ಲಿಷಿನ ಹುಚ್ಚು ಎಂದು ತಳ್ಳಿಹಾಕುವವರ ಜೊತೆ ನನಗೆ ಸಮ್ಮತಿಯಿಲ್ಲ. ಕೂಲಿ ಮಾಡುವ ತಾಯಿಯೊಬ್ಬಳು ಸಂಬಳದ ಕಾಲುಭಾಗವನ್ನು ಕಾನ್ವೆಂಟಿಗೆ ಕಟ್ಟುವುದು ತಪ್ಪಿತಲ್ಲ ಎಂದು ನಿಟ್ಟುಸಿರು ಬಿಟ್ಟರೆ ಅದರಲ್ಲಿ ಹುಚ್ಚು ಏನಿದೆ? ಎಲ್‌ಕೆಜಿಯಲ್ಲಿ ನಾಲ್ಕು ವರ್ಷದವರು ಬೇರೆ, ಐದು ವರ್ಷದವರು ಬೇರೆ. ಅಲ್ಲಿರುವ ಶಿಕ್ಷಕಿಗೆ ಅಡುಗೆ ಇಲ್ಲ, ಪುಷ್ಟಿ ಪೊಟ್ಟಣವಿಲ್ಲ, ಸಮೀಕ್ಷೆಯಿಲ್ಲ. ಮಕ್ಕಳೊಂದಿಗಿರುವುದೇ ಆಕೆಯ ಕೆಲಸ. ಮುಂದೆ ಒಂದನೇ ತರಗತಿಗೆ ಅದೇ ಆವರಣದಲ್ಲಿ ಬಾಗಿಲು ದಾಟಿದರೆ ಸಾಕು. ಈ ಅನುಕೂಲಗಳು ನಿಜವಾದವು. ಇವನ್ನು ಒಪ್ಪದೆ ಅಂಗನವಾಡಿಯ ಪರ ವಾದಿಸುವುದು ಪ್ರಾಮಾಣಿಕವಲ್ಲ.

ಆದರೆ ಹೋಲಿಕೆ ಇಲ್ಲಿಗೆ ಮುಗಿಯಬಾರದು. ಮೊದಲು ಊಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, 33 ಮಕ್ಕಳು ತಕ್ಕ ತೂಕವಿಲ್ಲದವರು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಈ ರಾಜ್ಯದಲ್ಲಿ ಶಾಲಾಪೂರ್ವ ಶಿಕ್ಷಣವನ್ನು ಊಟದಿಂದ ಬೇರ್ಪಡಿಸಿ ಮಾತಾಡಲು ಬರುವುದಿಲ್ಲ. 2013ರ ಆಹಾರ ಭದ್ರತಾ ಕಾಯಿದೆ ಮೂರರಿಂದ ಆರು ವರ್ಷದ ಮಗುವಿಗೆ ಅಂಗನವಾಡಿಯಲ್ಲಿ ದಿನಕ್ಕೆ 500 ಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನು ಹಕ್ಕಾಗಿ ಕೊಟ್ಟಿತು. ಅದಕ್ಕೆ 2017ರಲ್ಲಿ ನಿಗದಿಯಾದ ಖರ್ಚು ಮಗುವೊಂದಕ್ಕೆ ದಿನಕ್ಕೆ 8 ರೂಪಾಯಿ. ಎಂಟು ರೂಪಾಯಿಗೆ ಏನು ಬರುತ್ತದೆ ಎಂಬುದು ಸಂತೆಗೆ ಹೋಗುವ ಎಲ್ಲರಿಗೂ ಗೊತ್ತು. ಆದರೂ ಅಲ್ಲಿ ಹಾಲಿದೆ, ಮೊಟ್ಟೆಯಿದೆ, ಬಿಸಿ ಅನ್ನವಿದೆ, ತೂಕ ನೋಡುವ ಕಣ್ಣಿದೆ. ಮಗುವಿನ ತೂಕ ಎರಡು ತಿಂಗಳಿಂದ ಏರಿಲ್ಲ ಎಂಬುದನ್ನು ಮೊದಲು ಗುರುತಿಸುವವಳು ಅಂಗನವಾಡಿ ಟೀಚರ್. ಎಲ್‌ಕೆಜಿ ಶಿಕ್ಷಕಿಗೆ ಆ ಜವಾಬ್ದಾರಿಯೂ ಇಲ್ಲ, ಸಾಧನವೂ ಇಲ್ಲ. 2021ರಲ್ಲಿ ಪಿಎಂ ಪೋಷಣ್ ಯೋಜನೆ ಒಂದನೇ ತರಗತಿಗೆ ಮುಂಚಿನ ಮಕ್ಕಳನ್ನೂ ಬಿಸಿಯೂಟಕ್ಕೆ ಸೇರಿಸಿಕೊಂಡದ್ದು ಒಳ್ಳೆಯದೇ. ಆದರೆ ಏಳನೇ ತರಗತಿಯ ಹುಡುಗನಿಗೆ ಮಾಡಿದ ಖಾರದ ಸಾಂಬಾರು, ಅವನ ಊಟದ ಹೊತ್ತು, ಅವನ ತಟ್ಟೆ ನಾಲ್ಕು ವರ್ಷದ ಮಗುವಿಗೆ ಹೊಂದುವುದಿಲ್ಲ. ಪಕ್ಕದಲ್ಲಿ ಕೂತು ತುತ್ತು ಕಲಸಿ ಕೊಡುವ ಕೈಯೂ ಶಾಲೆಯಲ್ಲಿ ಇರುವುದಿಲ್ಲ.

ಎರಡನೆಯದು ದೂರ. ಪಬ್ಲಿಕ್ ಶಾಲೆಗಳು ಹೆಚ್ಚಾಗಿ ದೊಡ್ಡ ಊರುಗಳಲ್ಲಿವೆ. ತಿ. ನರಸೀಪುರ ತಾಲ್ಲೂಕಿನ ಬನ್ನೂರಿನಂಥ ಊರಿನಲ್ಲಿ ಮನೆ ಮಾಡಿದವರಿಗೆ ಅದು ಕಾಲ್ನಡಿಗೆಯ ದಾರಿ. ಹಾಡಿಯವರಿಗೆ ಅದು ಆಟೋ ದಾರಿ. ನಾಲ್ಕು ವರ್ಷದ ಮಗುವನ್ನು ತುಂಬಿದ ಆಟೋದಲ್ಲಿ ಕಳಿಸುವ ತಾಯಿ ಸಂಜೆಯ ತನಕ ಜೀವ ಕೈಯಲ್ಲಿ ಹಿಡಿದಿರುತ್ತಾಳೆ. ಆಟೋ ಬಾರದ ದಿನ ಶಾಲೆಯೂ ಇಲ್ಲ. ಇದರ ಪೆಟ್ಟು ಇನ್ನೊಬ್ಬರಿಗೂ ಬೀಳುತ್ತದೆ, ಆಕೆ ಮನೆಯ ದೊಡ್ಡ ಮಗಳು. ಹತ್ತಿರದಲ್ಲಿ ಅಂಗನವಾಡಿ ನಡೆಯುತ್ತಿದ್ದರೆ ತಮ್ಮನನ್ನು ಅಲ್ಲಿ ಬಿಟ್ಟು ಅವಳು ಶಾಲೆಗೆ ಹೋಗುತ್ತಾಳೆ. ಮಕ್ಕಳು ಕಡಿಮೆಯಾಗಿ ಅಂಗನವಾಡಿ ಸೊರಗಿದರೆ ತಮ್ಮನನ್ನು ನೋಡಿಕೊಳ್ಳುವ ಕೆಲಸ ಅವಳ ಸೊಂಟಕ್ಕೆ ಬರುತ್ತದೆ. ಎಲ್‌ಕೆಜಿಯ ಯಶಸ್ಸನ್ನು ಲೆಕ್ಕ ಹಾಕುವವರು ಈ ಹುಡುಗಿಯ ಹಾಜರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಮೂರನೆಯದೇ ಕಲಿಕೆ, ಎಲ್ಲರೂ ಮಾತಾಡುವ ಸಂಗತಿ, ಆದರೆ ಕೋಣೆಯೊಳಗೆ ಕೂತು ನೋಡಿದವರು ಕಡಿಮೆ. ಅಂಬೇಡ್ಕರ್ ವಿಶ್ವವಿದ್ಯಾಲಯ ದೆಹಲಿ, ಅಸರ್ ಸೆಂಟರ್ ಮತ್ತು ಯುನಿಸೆಫ್ ಸೇರಿ 2011ರಿಂದ ನಡೆಸಿದ ದೊಡ್ಡ ಅಧ್ಯಯನವೊಂದಿದೆ. ರಾಜಸ್ಥಾನ, ಅಸ್ಸಾಂ ಮತ್ತು ಅವಿಭಜಿತ ಆಂಧ್ರದ ಹಳ್ಳಿಗಳ ಸುಮಾರು 14 ಸಾವಿರ ಮಕ್ಕಳನ್ನು ನಾಲ್ಕನೇ ವಯಸ್ಸಿನಿಂದ ಎಂಟರವರೆಗೆ ಅವರು ಹಿಂಬಾಲಿಸಿದರು. 2017ರಲ್ಲಿ ವರದಿ ಹೊರಬಂತು. ಐದು ವರ್ಷಕ್ಕೆ ಶಾಲೆಗೆ ಬೇಕಾದ ಸಿದ್ಧತೆ ಅಂಗನವಾಡಿಯ ಮಕ್ಕಳಲ್ಲೂ ಸಾಲದು, ಖಾಸಗಿ ಎಲ್‌ಕೆಜಿಯ ಮಕ್ಕಳಲ್ಲೂ ಸಾಲದು ಎಂದು ಅದು ಹೇಳಿತು. ಅಂಗನವಾಡಿಯಲ್ಲಿ ಕಲಿಕೆಯ ಚಟುವಟಿಕೆಯೇ ಕಡಿಮೆ. ಖಾಸಗಿಯಲ್ಲಿ ಒಂದನೇ ತರಗತಿಯ ಬರವಣಿಗೆಯನ್ನು ಕೆಳಕ್ಕೆ ಎಳೆದು ತಂದಿದ್ದಾರೆ. ಫಲ ಕಂಡದ್ದು ಮಗು ಆಡುತ್ತ, ವಿಂಗಡಿಸುತ್ತ, ಮಾತಾಡುತ್ತ ಕಲಿಯುವಂತೆ ಶಿಕ್ಷಕಿ ಯೋಜಿಸಿದ ಕೇಂದ್ರಗಳಲ್ಲಿ.

ನಾನು ಮೈಸೂರು ಸೀಮೆಯ ಎರಡೂ ಬಗೆಯ ಕೋಣೆಗಳಲ್ಲಿ ಕೂತು ನೋಡಿದ್ದೇನೆ. ಒಂದು ಎಲ್‌ಕೆಜಿಯಲ್ಲಿ ಮಕ್ಕಳು ಕೈಕಟ್ಟಿ ಕೂತು ಎ ಫಾರ್ ಆ್ಯಪಲ್ ಎಂದು ಒಕ್ಕೊರಲಿನಿಂದ ಕೂಗುತ್ತಿದ್ದರು. ಅದು ಮುಗಿದ ಮೇಲೆ ಸ್ಲೇಟಿನಲ್ಲಿ ಅದೇ ಅಕ್ಷರವನ್ನು ತುಂಬಿಸುವುದು. ಬೆಳಗಿನ ಹೊತ್ತೆಲ್ಲ ಯಾವ ಮಗುವೂ ಒಂದು ಪೂರ್ತಿ ವಾಕ್ಯ ಆಡಲಿಲ್ಲ, ಯಾವ ಮಗುವನ್ನೂ ಯಾರೂ ಹೆಸರು ಹಿಡಿದು ಏನನ್ನೂ ಕೇಳಲಿಲ್ಲ. ಇನ್ನೊಂದು ಊರಿನ ಅಂಗನವಾಡಿಯಲ್ಲಿ ಸೋರುವ ಮೂಲೆಗೆ ಬಕೆಟ್ ಇಟ್ಟಿದ್ದರು. ಟೀಚರ್ ನೆಲದ ಮೇಲೆ ಕೂತು ಅವರೆಕಾಳು, ಹುರುಳಿ, ಹುಣಸೆಬೀಜ ಬೆರೆಸಿ ಹರಡಿದ್ದರು. ಬೇರೆ ಬೇರೆ ಮಾಡುತ್ತ ಒಬ್ಬ ಹುಡುಗಿ, "ಟೀಚರ್, ನಮ್ಮಮ್ಮ ಹುಳಿಗೆ ಇದ್ನೇ ಹಾಕೋದು" ಎಂದಳು. ಟೀಚರ್ ಕೂಡಲೇ, "ಇನ್ನೇನ್ ಹಾಕ್ತಾಳವ್ವಾ?" ಎಂದು ಕೇಳಿದರು. ಆ ಹುಡುಗಿ ಅಡುಗೆಮನೆಯನ್ನೆಲ್ಲ ಬಣ್ಣಿಸಿದಳು, ಮಿಕ್ಕವರು ತಮ್ಮ ಮನೆಯದನ್ನೂ ಸೇರಿಸಿದರು. ವಿಂಗಡಣೆ, ಎಣಿಕೆ, ಭಾಷೆ, ನೆನಪು ಎಲ್ಲವೂ ಅಲ್ಲಿ ನಡೆದಿತ್ತು. ನಾನು ಕೂತಿದ್ದ ಹಾಗೆಯೇ ಮೇಲಧಿಕಾರಿಗಳ ಫೋನು ಬಂತು, ಯಾವುದೋ ಪಟ್ಟಿ ಕೂಡಲೇ ಬೇಕಿತ್ತು. ಟೀಚರ್ ಎದ್ದರು, ಕಾಳುಗಳು ಡಬ್ಬಕ್ಕೆ ಹೋದವು, ಮಕ್ಕಳು ಸುಮ್ಮನೆ ಕೂತರು. ನಾನು ಹೇಳಬೇಕೆಂದಿರುವುದೆಲ್ಲ ಆ ಫೋನಿನಲ್ಲಿದೆ. ಮೇಲಿನ ಹೆಸರು ಅಂಗನವಾಡಿಯೋ ಎಲ್‌ಕೆಜಿಯೋ, ಕಲಿಕೆ ನಡೆಯುವುದು ತರಬೇತಾದ ಒಬ್ಬ ದೊಡ್ಡವರು ಮಗುವಿಗೆ ಎಷ್ಟು ಹೊತ್ತು ಸಿಗುತ್ತಾರೆ, ಆ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂಬುದರಿಂದ.

ಹಾಡಿಯ ಮಕ್ಕಳ ಮಾತು ಬೇರೆಯಾಗಿಯೇ ಬರಬೇಕು. ಹೆಗ್ಗಡದೇವನಕೋಟೆಯ ಜೇನುಕುರುಬ ಮಗು ಮನೆಯಲ್ಲಿ ಕೇಳುವುದು ಜೇನುನುಡಿಯನ್ನು. ಪಠ್ಯದ ಕನ್ನಡವೇ ಅದಕ್ಕೆ ಅರ್ಧ ಹೊಸದು. ಅಂಥ ಮಗುವನ್ನು ನಾಲ್ಕನೇ ವಯಸ್ಸಿಗೆ ಇಂಗ್ಲಿಷ್ ಎಲ್‌ಕೆಜಿಯಲ್ಲಿ ಕೂರಿಸಿದರೆ ಅದು ಎರಡು ಗೋಡೆ ದಾಟಬೇಕು. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮನೆಮಾತಿನಲ್ಲೇ ಶುರುಮಾಡಿ ಎಂದು ಸ್ಪಷ್ಟವಾಗಿ ಹೇಳುತ್ತದೆ. ಅದೇ ಸಮುದಾಯದ, ಅದೇ ಹಾಡಿಯ ಹೆಣ್ಣುಮಗಳು ಕಾರ್ಯಕರ್ತೆಯೋ ಸಹಾಯಕಿಯೋ ಆಗಿರುವ ಕಡೆ ಮಕ್ಕಳು ಬಾಗಿಲಲ್ಲಿ ಅಳದೆ ಒಳಗೆ ಬರುತ್ತಾರೆ. ಅವರಿಗೆ ಅಲ್ಲಿ ಮಾತು ಇದೆ. ಹಾಡಿಯ ಮಗುವಿನ ಮಟ್ಟಿಗೆ ಈ ಹೋಲಿಕೆಯಲ್ಲಿ ನನಗೆ ಸಂದೇಹವೇ ಉಳಿದಿಲ್ಲ. ಹಾಡಿಯೊಳಗಿನ ಅಂಗನವಾಡಿ ಗಟ್ಟಿಯಾಗಬೇಕು.

ಕಲಿಸುವ ಹೆಣ್ಣುಮಕ್ಕಳನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ ಎಂಬುದನ್ನು ಬಿಟ್ಟು ಈ ಹೋಲಿಕೆ ಮಾಡಿದರೆ ಅದು ಅರ್ಧ ಹೋಲಿಕೆ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆ ಹೊಂದಿದವರಲ್ಲ ಎಂದು ತೀರ್ಪು ಕೊಟ್ಟಿತು. ನಮ್ಮ ರಾಜ್ಯದ್ದೇ ಪ್ರಕರಣ. ಅವರಿಗೆ ಸಂಬಳವಿಲ್ಲ, ಗೌರವಧನ. ಕೇಂದ್ರವು ಕಾರ್ಯಕರ್ತೆಗೆ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ ಎಂದು 2018ರಲ್ಲಿ ನಿಗದಿ ಮಾಡಿತು. ಅದನ್ನು ಕೇಂದ್ರ, ರಾಜ್ಯ 60ಕ್ಕೆ 40ರಂತೆ ಹಂಚಿಕೊಳ್ಳುತ್ತವೆ, ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ಇವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ತಡವಾಗಿ ಬಂದ ನ್ಯಾಯ, ಆದರೂ ನ್ಯಾಯ. ಎಲ್‌ಕೆಜಿಯ ಶಿಕ್ಷಕಿಯರ ಸ್ಥಿತಿಯೇನೂ ಮೇಲಲ್ಲ. ಅವರೂ ಗೌರವಧನದ ಮೇಲೆ ವರ್ಷವರ್ಷಕ್ಕೆ ನೇಮಕವಾಗುವ ಅತಿಥಿಗಳು. ಈ ಜೂನ್‌ನಲ್ಲಿ ಇದ್ದವರು ಮುಂದಿನ ಜೂನ್‌ನಲ್ಲಿ ಇರುತ್ತಾರೆಯೇ ಎಂಬುದು ಅವರಿಗೇ ಗೊತ್ತಿರುವುದಿಲ್ಲ.

2024ರಲ್ಲಿ ಈ ಎರಡು ಇಲಾಖೆಗಳ ನಡುವಿನ ಎಳೆದಾಟ ಬೀದಿಗೆ ಬಂತು. ಕಲ್ಯಾಣ ಕರ್ನಾಟಕದ ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ಆದೇಶ ಹೊರಟಾಗ, ನಮ್ಮ ಮಕ್ಕಳನ್ನು ಕಿತ್ತುಕೊಂಡರೆ ನಮ್ಮ ಕೇಂದ್ರಗಳು ಮುಚ್ಚುತ್ತವೆ ಎಂದು ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸರಿ ಎಂದು ಘೋಷಿಸಲಾಯಿತು. ಹೊಸ ಹೆಸರು ಬಂದದ್ದಕ್ಕೆ ನನ್ನ ತಕರಾರಿಲ್ಲ. ಅದರ ಜೊತೆ ಹೊಸ ಕೈಗಳೂ ಬರಬೇಕು. ಒಬ್ಬಳೇ ಕಾರ್ಯಕರ್ತೆ, ಆರೇ ಸೇವೆ, ಅದರ ಮೇಲೆ ಮಾಂಟೆಸ್ಸರಿ ಎಂದರೆ ಭಾರ ಹೆಚ್ಚಿತೇ ಹೊರತು ಮಗುವಿಗೆ ಹೊತ್ತು ಹೆಚ್ಚಲಿಲ್ಲ.

ಈ ಎಳೆದಾಟ ನಮ್ಮಲ್ಲೇ ಮೊದಲಲ್ಲ. ಅಮೆರಿಕದಲ್ಲಿ ಬಡ ಮಕ್ಕಳಿಗಾಗಿ 1965ರಲ್ಲಿ ಹೆಡ್ ಸ್ಟಾರ್ಟ್ ಶುರುವಾಯಿತು. ಊಟ, ಆರೋಗ್ಯ ತಪಾಸಣೆ, ತಂದೆತಾಯಿಗಳ ಪಾಲ್ಗೊಳ್ಳುವಿಕೆ, ಆಟ, ಎಲ್ಲವೂ ಇದ್ದ ಅದು ನಮ್ಮ ಅಂಗನವಾಡಿಯ ಹತ್ತು ವರ್ಷದ ಅಕ್ಕ. ಆಮೇಲೆ ರಾಜ್ಯ ಸರ್ಕಾರಗಳು ಶಾಲೆಗಳಲ್ಲೇ ಪ್ರೀ-ಕೆ, ಅಂದರೆ ಶಾಲಾಪೂರ್ವ ತರಗತಿ ತೆರೆದಾಗ ಒಂದೇ ಮಗುವಿಗೆ ಇಬ್ಬರು ಹಕ್ಕುದಾರರಾದರು. ವೆಸ್ಟ್ ವರ್ಜೀನಿಯ ಎಂಬುದು ಗುಡ್ಡಗಾಡಿನ ರಾಜ್ಯ, ಕಲ್ಲಿದ್ದಲು ಗಣಿಗಳ ಬಡ ಹಳ್ಳಿಗಾಡು, 55 ಕೌಂಟಿಗಳು. ಅಲ್ಲಿ 2002ರಲ್ಲಿ ಕಾನೂನು ಮಾಡಿ, ಹತ್ತು ವರ್ಷದೊಳಗೆ ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತ ಪ್ರೀ-ಕೆ ಎಂದರು. ಜೊತೆಗೆ, ಪ್ರತಿ ಕೌಂಟಿಯಲ್ಲೂ ಕನಿಷ್ಠ ಅರ್ಧ ತರಗತಿಗಳನ್ನು ಹೆಡ್ ಸ್ಟಾರ್ಟ್ ಮತ್ತು ಶಿಶುಪಾಲನಾ ಕೇಂದ್ರಗಳ ಜೊತೆಗೂಡಿಯೇ ನಡೆಸಬೇಕು ಎಂಬ ಷರತ್ತು ಹಾಕಿದರು. ಹಳೆಯದನ್ನು ಹಸಿಯಲು ಬಿಡಲಿಲ್ಲ, ಹಣವನ್ನೂ ಶಿಕ್ಷಕರನ್ನೂ ಕೂಡಿಸಿದರು.

ಟೆನೆಸಿ ರಾಜ್ಯದ ಪಾಠ ಕಹಿಯಾದದ್ದು. ಅಲ್ಲಿಯ ಪ್ರೀ-ಕೆ ಬಹುಪಾಲು ಶಾಲೆಗಳಲ್ಲೇ ನಡೆಯುತ್ತದೆ, ಶಿಕ್ಷಕರು ಅರ್ಹತೆ ಪಡೆದವರು. ಅರ್ಜಿಗಳು ಹೆಚ್ಚಾದ ಕಡೆ ಚೀಟಿ ಎತ್ತಿ ಮಕ್ಕಳನ್ನು ಸೇರಿಸಿಕೊಂಡರು. ಹಾಗೆ ಸೀಟು ಸಿಕ್ಕವರನ್ನೂ ಸಿಗದವರನ್ನೂ, ಸುಮಾರು 3 ಸಾವಿರ ಮಕ್ಕಳನ್ನು, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಹಿಂಬಾಲಿಸಿದರು. ಮೊದಲ ವರ್ಷ ಸೀಟು ಸಿಕ್ಕವರು ಮುಂದಿದ್ದರು. ಆರನೇ ತರಗತಿಗೆ ಬರುವ ಹೊತ್ತಿಗೆ ಅವರೇ ಹಿಂದೆ ಬಿದ್ದಿದ್ದರು ಎಂದು 2022ರಲ್ಲಿ ಪ್ರಕಟವಾಯಿತು. ಅಧ್ಯಯನ ನಡೆಸಿದವರಲ್ಲಿ ಒಬ್ಬರಾದ ಡೇಲ್ ಫರಾನ್, ಅಂಥ ತರಗತಿಗಳಲ್ಲಿ ಸಾಲು ನಿಲ್ಲುವುದು, ಕಾಯುವುದು, ಶಿಕ್ಷಕರು ಮಾತಾಡುವುದನ್ನು ಕೇಳುತ್ತ ಕೂರುವುದು ಇದರಲ್ಲೇ ಮಕ್ಕಳ ಹೊತ್ತು ಕಳೆಯುತ್ತದೆ ಎಂದಿದ್ದಾರೆ. ಶಾಲೆಯ ಆವರಣದೊಳಗೆ ಬಂದ ಮಾತ್ರಕ್ಕೆ ಎಳೆಯ ಮಗುವಿಗೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆಗೆ ಇದು ದೊಡ್ಡ ಎಚ್ಚರಿಕೆ.

ಇನ್ನು ಪಕ್ಕದ ತಮಿಳುನಾಡು. ಅಲ್ಲಿಯ ನಾಲ್ಕು ಜಿಲ್ಲೆಗಳ 640 ಅಂಗನವಾಡಿಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿದರು. ಚೀಟಿ ಎತ್ತಿ ಆರಿಸಿದ ಅರ್ಧದಷ್ಟು ಕೇಂದ್ರಗಳಿಗೆ, ಮಕ್ಕಳ ಕಲಿಕೆಯನ್ನಷ್ಟೇ ನೋಡಿಕೊಳ್ಳುವ, ಅರ್ಧ ದಿನ ದುಡಿಯುವ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಅಷ್ಟೇ. ಪಾಠದ ಹೊತ್ತು ದುಪ್ಪಟ್ಟಾಯಿತು. 18 ತಿಂಗಳಲ್ಲಿ ಭಾಷೆಯಲ್ಲೂ ಲೆಕ್ಕದಲ್ಲೂ ಮಕ್ಕಳು ಎದ್ದುಕಾಣುವಷ್ಟು ಮುಂದೆ ಹೋದರು. ಹಳೆಯ ಕಾರ್ಯಕರ್ತೆಗೆ ಪಾಠದ ಭಾರ ಇಳಿದು ಪೌಷ್ಟಿಕತೆಗೆ ಹೊತ್ತು ಸಿಕ್ಕಿತು, ಕುಂಠಿತ ಬೆಳವಣಿಗೆಯ ಮಕ್ಕಳ ಪ್ರಮಾಣವೂ ಇಳಿಯಿತು. ಕಟ್ಟಡ ಬದಲಾಗಲಿಲ್ಲ, ಬೋರ್ಡು ಬದಲಾಗಲಿಲ್ಲ, ಊರೂ ಬದಲಾಗಲಿಲ್ಲ.

ಆದ್ದರಿಂದ ನನ್ನ ತೀರ್ಮಾನವನ್ನು ನೇರವಾಗಿ ಹೇಳುತ್ತೇನೆ. ಹೋಬಳಿ ಊರಿನಲ್ಲಿ ಹೊಸ ಎಲ್‌ಕೆಜಿಗೆ ಒಬ್ಬ ಅತಿಥಿ ಶಿಕ್ಷಕಿಯನ್ನು ಕೊಡುವ ಹಣವನ್ನು ಸುತ್ತಲಿನ ಅಂಗನವಾಡಿಗಳಿಗೆ ಎರಡನೇ ಶಿಕ್ಷಕಿಯನ್ನು ಕೊಡಲು ಬಳಸಬೇಕು. ಈಗಾಗಲೇ ನಡೆಯುತ್ತಿರುವ ಎಲ್‌ಕೆಜಿಗಳನ್ನು ಮುಚ್ಚಿ ಎನ್ನುವುದಿಲ್ಲ. ಒಂದೇ ಆವರಣದಲ್ಲಿ ಶಾಲೆ, ಅಂಗನವಾಡಿ ಎರಡೂ ಇರುವ ಊರುಗಳಿವೆ. ಅಲ್ಲಿ ಗೋಡೆ ತೆಗೆಯಬೇಕು: ಊಟ, ತೂಕ, ಚುಚ್ಚುಮದ್ದು ಅಂಗನವಾಡಿಯದು, ಐದು ವರ್ಷದವರ ಕಲಿಕೆ ಇಬ್ಬರದೂ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ನಾಲ್ಕು ಬಗೆಯ ಏರ್ಪಾಡಿಗೆ ಜಾಗ ಕೊಟ್ಟಿದೆ: ಒಂಟಿ ಅಂಗನವಾಡಿ, ಶಾಲೆಯೊಳಗಿನ ಅಂಗನವಾಡಿ, ಶಾಲೆಯೊಳಗಿನ ಪೂರ್ವ ಪ್ರಾಥಮಿಕ, ಪ್ರತ್ಯೇಕ ಶಿಶುಶಾಲೆ. ಊರಿಗೆ ತಕ್ಕದ್ದನ್ನು ಆರಿಸಿಕೊಳ್ಳಬಹುದು. ಆದರೆ ಮೂರು ವರ್ಷದವರನ್ನು ಊರು ದಾಟಿಸಬಾರದು. ಇಂಗ್ಲಿಷಿನ ಬಗೆಗೆ ಕೇಳುವ ತಂದೆತಾಯಿಗಳಿಗೆ ನನ್ನ ಉತ್ತರ: ಎರಡನೇ ಶಿಕ್ಷಕಿ ಬಂದರೆ ಅಂಗನವಾಡಿಯಲ್ಲೂ ಇಂಗ್ಲಿಷ್ ಹಾಡು ಕೇಳಿಸುತ್ತದೆ, ಆಟದ ಮಾತಾಗಿ ಕೇಳಿಸುತ್ತದೆ. ಅದಕ್ಕೆ ಆಟೋ ಹತ್ತಬೇಕಿಲ್ಲ.

ಕಾನೂನಿನ ಒಂದು ದೊಡ್ಡ ಕೊರತೆ ಇನ್ನೂ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದವರಿಗೆ ಮಾತ್ರ ಹಕ್ಕು ಕೊಟ್ಟಿದೆ. ಮೂರರಿಂದ ಆರು ವರ್ಷದವರ ವಿಷಯ ಬಂದಾಗ ಅದರ 11ನೇ ಕಲಮು, ಸರ್ಕಾರ ಏರ್ಪಾಡು ಮಾಡಬಹುದು ಎಂದು ಹೇಳಿ ಕೈತೊಳೆದುಕೊಂಡಿದೆ. ಮಾಡಲೇಬೇಕು ಎಂದು ಬದಲಾಗುವ ತನಕ ಈ ಮಕ್ಕಳು ಒಂದೊಂದು ಬಜೆಟ್ಟಿನ ದಯೆಯಲ್ಲಿ ಇರಬೇಕಾಗುತ್ತದೆ.

ಈ ಸಭೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿದ್ದೀರಿ, ಬಾಲವಿಕಾಸ ಸಮಿತಿಯ ತಾಯಂದಿರಿದ್ದೀರಿ. ನಿಮ್ಮ ಊರಿನ ಅಂಗನವಾಡಿಗೆ ಒಂದು ಬೆಳಿಗ್ಗೆ ಹೋಗಿ ಕೂತುಕೊಳ್ಳಿ. ಟೀಚರ್ ಎಷ್ಟು ಹೊತ್ತು ಮಕ್ಕಳ ಜೊತೆ ಇದ್ದರು, ಎಷ್ಟು ಹೊತ್ತು ಕಡತ, ಫೋನು, ಒಲೆಯ ಜೊತೆ ಇದ್ದರು ಎಂದು ಬರೆದಿಟ್ಟುಕೊಳ್ಳಿ. ಎಲ್‌ಕೆಜಿ ಇರುವ ಊರಿನವರು ಅಲ್ಲಿಯೂ ಹಾಗೆಯೇ ಕೂತು ಬರೆಯಿರಿ. ಆ ಹಾಳೆಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ. ಪ್ರತಿ ಅಂಗನವಾಡಿಗೂ ಕಲಿಕೆಗಾಗಿಯೇ ಎರಡನೇ ಶಿಕ್ಷಕಿ ಬೇಕು ಎಂಬ ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಒಂದು ಪ್ರತಿಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೂ (ಸಿಡಿಪಿಒ) ಇನ್ನೊಂದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಕಳಿಸಿ. ಎರಡೂ ಇಲಾಖೆಗಳಿಗೆ ಒಂದೇ ಬೇಡಿಕೆ ಹೋಗಲಿ.